ಷಿಯಾನ್: ಮಾಡಿದವರ ಹೆಸರು ಹುಡುಕುತ್ತಾ

ಸೋಮವಾರ

ವಿಮಾನ ಇಳಿದು ಹೋಟೆಲ್ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಷಿಯಾನ್ ಚೀನಾದ ಶಾನ್‌ಷಿ ಪ್ರಾಂತ್ಯದ ರಾಜಧಾನಿ. ಹಳೆಯ ಹೆಸರು ಚಾಂಗಾನ್. ತಾಂಗ್ ದೊರೆಗಳ ಕಾಲದಲ್ಲಿ, ಅಂದರೆ 618ರಿಂದ 907ರ ನಡುವೆ, ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಇದೂ ಒಂದಾಗಿತ್ತು. ರೇಷ್ಮೆ ದಾರಿ ಪಶ್ಚಿಮಕ್ಕೆ ಹೊರಡುತ್ತಿದ್ದದ್ದು ಇಲ್ಲಿಂದಲೇ.

ಜೊತೆಗೆ ಅಕ್ಕ ಇದ್ದಳು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಿಯಾದವಳು. ಹರ್ಷವರ್ಧನ, ಇಮ್ಮಡಿ ಪುಲಕೇಶಿ, ಹ್ಯುಯೆನ್ ತ್ಸಾಂಗ್ ಎಂದು ಎಷ್ಟೋ ತಂಡದ ಮಕ್ಕಳಿಗೆ ಹೇಳಿಕೊಟ್ಟಿದ್ದಾಳೆ. ಆ ಯಾತ್ರಿಕ ಹೊರಟ ಊರು, ಮರಳಿ ಬಂದ ಊರು ಎರಡೂ ಇದೇ. ಅವಳಿಗೆ ಅದೊಂದು ಆಸೆ. ನನ್ನದು ಬೇರೆ. ಬೇಲೂರಿನಲ್ಲಿ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಮಾಡಿದವನು ಯಾರು ಅಂತ ಗೊತ್ತಾದ ಮೇಲೆ ಮೂರ್ತಿ ನಮಗೆ ಇನ್ನಷ್ಟು ಹತ್ತಿರವಾಗುತ್ತೆ, ಅಲ್ವಾ? ಚೀನಾದಲ್ಲೂ ಅಂಥ ಹೆಸರುಗಳು ಉಳಿದಿವೆ ಅಂತ ಓದಿದ್ದೆ. ಅವನ್ನು ಕಣ್ಣಾರೆ ನೋಡಬೇಕಿತ್ತು.

ಸೋಮವಾರ ಇಲ್ಲಿನ ದೊಡ್ಡ ಮ್ಯೂಸಿಯಂಗೆ ರಜೆ. ಹಾಗಾಗಿ ಮಿಂಗ್ ಕಾಲದ ಕೋಟೆ ಗೋಡೆಯ ಮೇಲೆ ಸುಮ್ನೆ ಒಂದಷ್ಟು ದೂರ ನಡೆದೆವು. ಸುತ್ತಳತೆ 13 ಕಿಲೋಮೀಟರಿಗೂ ಜಾಸ್ತಿ. ಕೆಳಗಿಳಿದು ಲಿಯಾಂಗ್‌ಪಿ ತಿಂದೆವು. ತಣ್ಣಗಿನ ಅಗಲವಾದ ಶಾವಿಗೆ, ಮೇಲೆ ಖಾರದೆಣ್ಣೆ, ವಿನಿಗರ್, ಸೌತೆಕಾಯಿ. ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಇದು ನಂಬಿಕಸ್ಥ ಊಟ.

ಮಂಗಳವಾರ

ಶಾನ್‌ಷಿ ಇತಿಹಾಸ ಮ್ಯೂಸಿಯಂ ತೆರೆದದ್ದು 1991ರಲ್ಲಿ. ತಾಂಗ್ ಅರಮನೆಗಳ ಮಾದರಿಯಲ್ಲಿ ಇದನ್ನು ಕಟ್ಟಲು ವಿನ್ಯಾಸ ಮಾಡಿದವರು ಜಾಂಗ್ ಜಿನ್‌ಚಿಯು ಎಂಬ ಮಹಿಳೆ. ಅಗಲವಾದ ಚಾಚು ಸೂರು, ಬೂದು ಹಂಚು, ಬಿಳಿ ಗೋಡೆ. ಬಣ್ಣಗಳ ಅಬ್ಬರವಿಲ್ಲ. ಬಾಗಿಲ ಹತ್ತಿರ ಬೆಳಿಗ್ಗೆಯೇ ಉದ್ದನೆಯ ಸಾಲು. ಶಾಲೆಯ ಮಕ್ಕಳು, ಅಜ್ಜ ಅಜ್ಜಿಯರು, ತಾಂಗ್ ಕಾಲದ ಉಡುಪು ಬಾಡಿಗೆಗೆ ತೊಟ್ಟು ಬಂದ ಹುಡುಗಿಯರು.

ಒಳಗೆ ಆದಿಮಾನವನಿಂದ ಶುರುವಾಗಿ ಕಾಲಾನುಕ್ರಮದಲ್ಲಿ ಸಾಗಬೇಕು. ಝೌ ಕಾಲದ ಕಂಚಿನ ಪಾತ್ರೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಜನ ಬಿಡಲಿಲ್ಲ. ಅಕ್ಕ ನಿಂತದ್ದು ಒಂದು ಪುಟ್ಟ ಹುಲಿಯ ಮುಂದೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಕಂಚಿನ ಹುಲಿ. ಅದೂ ಅರ್ಧ ಮಾತ್ರ. ಮೈಮೇಲೆ ಬಂಗಾರದ ಎಳೆಯಲ್ಲಿ ಕೂರಿಸಿದ 40 ಅಕ್ಷರಗಳು. ಅವು ಹೇಳುವುದು ಇಷ್ಟು: ಇದರ ಬಲ ಅರ್ಧ ರಾಜನ ಬಳಿ, ಎಡ ಅರ್ಧ ದು ಎಂಬ ಊರಿನ ಅಧಿಕಾರಿಯ ಬಳಿ. 50 ಮಂದಿಗಿಂತ ಜಾಸ್ತಿ ಸೈನಿಕರನ್ನು ಹೊರಡಿಸಬೇಕಾದರೆ ಎರಡೂ ಅರ್ಧ ಕೂಡಬೇಕು. ಗಡಿಯಲ್ಲಿ ಅಪಾಯದ ಬೆಂಕಿ ಕಂಡರೆ ಮಾತ್ರ ಕಾಯಬೇಕಿಲ್ಲ.

"ನೋಡೋ, ತುರ್ತಿಗೊಂದು ವಿನಾಯಿತಿ ಕೂಡ ಬರೆದಿಟ್ಟಿದ್ದಾರೆ" ಅಂದಳು ಅಕ್ಕ. 2,200 ವರ್ಷಕ್ಕೂ ಹಿಂದಿನ ಚಿನ್ ರಾಜ್ಯದ ಆಡಳಿತ ಎಷ್ಟು ಬಿಗಿಯಾಗಿತ್ತು ಅನ್ನೋದು ಇದೊಂದರಲ್ಲೇ ಕಾಣುತ್ತೆ.

ಹಾನ್ ಕಾಲದ ಕೋಣೆಯಲ್ಲಿ ಬಿಳಿ ಜೇಡ್ ಕಲ್ಲಿನ ಮುದ್ರೆಯೊಂದಿತ್ತು. ಪ್ರತಿ ಬದಿ 2.8 ಸೆಂಟಿಮೀಟರ್. ಅದರಲ್ಲಿರುವ ನಾಲ್ಕು ಅಕ್ಷರಗಳ ಅರ್ಥ 'ಮಹಾರಾಣಿಯ ಮುದ್ರೆ'. 1968ರಲ್ಲಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಹುಡುಗನೊಬ್ಬನಿಗೆ ಕಾಲುವೆಯ ಬದಿಯ ಮಣ್ಣಿನಲ್ಲಿ ಇದು ಹೊಳೆದದ್ದು.

ನಾವು ಬಂದದ್ದು ಮುಖ್ಯವಾಗಿ ಹೆಜಿಯಾಚುನ್ ನಿಧಿಗೆ. ಇದಕ್ಕೆ ಬೇರೆ ಟಿಕೆಟ್. 1970ರ ಅಕ್ಟೋಬರ್‌ನಲ್ಲಿ ಷಿಯಾನ್‌ನ ದಕ್ಷಿಣ ಭಾಗದಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆಯುವಾಗ ಎರಡು ದೊಡ್ಡ ಮಣ್ಣಿನ ಗುಡಾಣ, ಒಂದು ಬೆಳ್ಳಿಯ ಭರಣಿ ಸಿಕ್ಕವು. ಒಳಗೆ 1,000ಕ್ಕೂ ಮೀರಿದ ವಸ್ತುಗಳು. ಬಂಗಾರ, ಬೆಳ್ಳಿ, ಜೇಡ್, ಪರ್ಷಿಯಾದ ಬೆಳ್ಳಿ ನಾಣ್ಯ, ಬೈಜಾಂಟಿಯಂನ ಬಂಗಾರದ ನಾಣ್ಯ, ಜಪಾನಿನ ನಾಣ್ಯ, ಹವಳ, ಔಷಧಿಗೆ ಬಳಸುತ್ತಿದ್ದ ಖನಿಜಗಳು. ಇಷ್ಟನ್ನು ಯಾರು ಹೂತಿಟ್ಟರು, ಯಾವ ದಂಗೆಗೆ ಹೆದರಿ ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಕೆಲವರು 755ರಲ್ಲಿ ಶುರುವಾದ ಆನ್ ಲುಶಾನ್ ದಂಗೆ ಅನ್ನುತ್ತಾರೆ, ಕೆಲವರು 783ರ ಸೈನಿಕರ ದಂಗೆ ಅನ್ನುತ್ತಾರೆ. ಇಟ್ಟವರು ತಿರುಗಿ ಬರಲಿಲ್ಲ, ಅದು ಮಾತ್ರ ನಿಜ.

ಗಿಳಿಯ ಚಿತ್ರ ಕೊರೆದ ಬೆಳ್ಳಿಯ ಭರಣಿಯೊಂದಿದೆ. ಎಲ್ಲರೂ ಗಿಳಿ ನೋಡಿ ಮುಂದೆ ಹೋಗುತ್ತಾರೆ. ಅದರ ಮುಚ್ಚಳದ ಒಳಬದಿಯಲ್ಲಿ ಮಸಿಯಲ್ಲಿ ಬರೆದ ಸಾಲುಗಳಿವೆ. ಒಳಗಿರುವ ನೇರಳೆ ಸ್ಫಟಿಕ 50 ಲಿಯಾಂಗ್, ಬಿಳಿ ಸ್ಫಟಿಕ 12 ಲಿಯಾಂಗ್. ಆಗಿನ ಒಂದು ಲಿಯಾಂಗ್ ಅಂದರೆ ಸುಮಾರು 40 ಗ್ರಾಂ. ನಿಧಿಯ ಬೇರೆ ಡಬ್ಬಿಗಳ ಮೇಲೂ ಹೀಗೆ ಲೆಕ್ಕ ಬರೆದಿದ್ದಾರೆ. ತೂಕ ಹಾಕಿ, ಮಸಿಯಲ್ಲಿ ಕುಂಚ ಅದ್ದಿ ಬರೆದವರು ಯಾರೋ ಗುಮಾಸ್ತರಿರಬೇಕು. ಅವರ ಹೆಸರಿಲ್ಲ, ಕೈಬರಹವಿದೆ. ನನಗೆ ಇಡೀ ಕೋಣೆಯಲ್ಲಿ ಅತಿ ಹೆಚ್ಚು ಹಿಡಿಸಿದ್ದು ಆ ಮಸಿ.

ಆಮೇಲೆ ಬೆಳ್ಳಿಯ ಸುಗಂಧದ ಗುಂಡು. ದೊಡ್ಡ ನಿಂಬೆಹಣ್ಣಿನಷ್ಟೇ ಗಾತ್ರ. ಹೊರಮೈ ತುಂಬ ದ್ರಾಕ್ಷಿ ಬಳ್ಳಿ, ಹೂವು, ಹಕ್ಕಿಗಳ ಜಾಲರಿ. ಒಳಗೆ ಒಂದರೊಳಗೊಂದು ಎರಡು ಬಳೆ, ಅವುಗಳ ನಡುವೆ ಬಂಗಾರದ ಪುಟ್ಟ ಬಟ್ಟಲು. ಎರಡು ಬಳೆಗಳೂ ಬೇರೆ ಬೇರೆ ದಿಕ್ಕಿನ ಕೀಲುಗಳ ಮೇಲೆ ತಿರುಗುತ್ತವೆ. ಗುಂಡನ್ನು ಹೇಗೇ ಉರುಳಿಸಿದರೂ ಬಟ್ಟಲು ತನ್ನ ಭಾರದಿಂದ ನೆಟ್ಟಗೇ ನಿಲ್ಲುತ್ತೆ. ಕೆಂಡ, ಬೂದಿ ಒಂದೂ ಚೆಲ್ಲುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು, ಹಾಸಿಗೆಯೊಳಗೂ ಇಟ್ಟುಕೊಳ್ಳಬಹುದು. ಹಡಗಿನ ದಿಕ್ಸೂಚಿ ಅಲುಗಾಡದಂತೆ ಹಿಡಿಯುವ ಉಪಾಯ ಕೂಡ ಇದೇ. ಪಕ್ಕದ ಪರದೆಯಲ್ಲಿ ಇದನ್ನು ಉರುಳಿಸಿ ತೋರಿಸುವ ವಿಡಿಯೋ ಓಡುತ್ತಿತ್ತು. ಒಬ್ಬ ಹುಡುಗ ಅದನ್ನೇ ಮತ್ತೆ ಮತ್ತೆ ನೋಡುತ್ತಾ ಅಮ್ಮನನ್ನು ಮುಂದೆ ಹೋಗಲು ಬಿಡಲಿಲ್ಲ.

ಚರ್ಮದ ಚೀಲದ ಆಕಾರದ ಬೆಳ್ಳಿಯ ಹೂಜಿಯ ಮೇಲೆ ಒಂದು ಕುದುರೆ. ಕತ್ತಿಗೆ ರಿಬ್ಬನ್, ಬಾಯಲ್ಲಿ ಬಟ್ಟಲು, ಹಿಂಗಾಲು ಮಡಚಿ ಕುಳಿತಿದೆ. ತಾಂಗ್ ದೊರೆ ಷ್ವಾನ್‌ಜೊಂಗ್ ಹುಟ್ಟುಹಬ್ಬಕ್ಕೆ ಕುದುರೆಗಳಿಗೆ ಕುಣಿತ ಕಲಿಸಿದ್ದ. ಕುಣಿತ ಮುಗಿದಾಗ ಕುದುರೆ ಬಟ್ಟಲು ಕಚ್ಚಿಕೊಂಡು ದೊರೆಗೆ ಮದ್ಯ ಕೊಡುತ್ತಿತ್ತು ಎಂದು ಆಗಿನ ಕವಿಗಳು ಬರೆದಿದ್ದಾರೆ. ಈ ಹೂಜಿ ಸಿಗುವವರೆಗೂ ಅದು ಬರೀ ಕವಿಗಳ ಮಾತಾಗಿತ್ತು. ಆನ್ ಲುಶಾನ್ ದಂಗೆಯ ನಂತರ ಆ ಕುದುರೆಗಳು ಒಬ್ಬ ಸೇನಾಪತಿಯ ಲಾಯ ಸೇರಿದವು. ಒಂದು ದಿನ ಪಾಳೆಯದಲ್ಲಿ ವಾದ್ಯ ನುಡಿದಾಗ ಅವು ಕುಣಿಯಲು ಶುರು ಮಾಡಿದವು. ದೆವ್ವ ಹಿಡಿದಿದೆ ಎಂದುಕೊಂಡ ಸೈನಿಕರು ಹೊಡೆದರು. ತಾವು ಸರಿಯಾಗಿ ಕುಣಿಯುತ್ತಿಲ್ಲವೇನೋ ಎಂಬಂತೆ ಕುದುರೆಗಳು ಇನ್ನೂ ಚೆನ್ನಾಗಿ ಕುಣಿದವಂತೆ, ಏಟು ತಿಂದೇ ಸತ್ತವಂತೆ. ಇದನ್ನು ಹೇಳಿದಾಗ ಅಕ್ಕನ ಕಣ್ಣು ತುಂಬಿತು. ನನಗೂ ಆ ಹೂಜಿಯ ಮುಂದಿನಿಂದ ಕದಲುವುದು ಕಷ್ಟವಾಯಿತು.

ಬುಧವಾರ

ಮಣ್ಣಿನ ಸೈನಿಕರ ಬಗ್ಗೆ ಎಲ್ಲರಿಗೂ ಗೊತ್ತು, ಚಿಕ್ಕದಾಗಿ ಹೇಳಿಬಿಡ್ತೀನಿ. 1974ರ ಮಾರ್ಚ್‌ನಲ್ಲಿ ರೈತರು ಬಾವಿ ತೋಡುವಾಗ ಸಿಕ್ಕ ಜಾಗ ಇದು. ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹ್ವಾಂಗ್‌ನ ಸಮಾಧಿಗೆ ಸೇರಿದ್ದು. ಮೊದಲ ಗುಂಡಿಯೊಂದೇ ಸುಮಾರು 230 ಮೀಟರ್ ಉದ್ದ, 62 ಮೀಟರ್ ಅಗಲ. ಎಲ್ಲ ಗುಂಡಿ ಸೇರಿ ಸುಮಾರು 8,000 ಸೈನಿಕರಿರಬಹುದು ಎಂಬ ಅಂದಾಜು. ಮುಂದಿನ ಕಟಕಟೆಯ ಬಳಿ ನೂಕುನುಗ್ಗಲು. ಹಿಂದಿನ ತುದಿಗೆ ಹೋದರೆ ಸಮಾಧಾನವಾಗಿ ನೋಡಬಹುದು. ಅಲ್ಲಿ ತಲೆಯಿಲ್ಲದ, ಕೈ ಮುರಿದ ಸೈನಿಕರನ್ನು ಚೂರು ಚೂರಾಗಿ ಜೋಡಿಸುವ ಕೆಲಸ ನಡೆಯುತ್ತಿರುತ್ತೆ. ಈಗ ಕಾಣುವ ಬೂದು ಬಣ್ಣ ಇವರದ್ದಲ್ಲ. ಮೈಮೇಲೆ ಲ್ಯಾಕರ್ ಎಂಬ ಮರದ ರಸದ ಮೆರುಗಿನ ಪದರ, ಅದರ ಮೇಲೆ ಕೆಂಪು, ಹಸಿರು, ನೇರಳೆ ಬಣ್ಣ ಇದ್ದವು. ಸಾವಿರಾರು ವರ್ಷ ತೇವದ ಮಣ್ಣಿನಲ್ಲಿದ್ದ ಲ್ಯಾಕರ್ ಗಾಳಿ ತಾಕಿದ ಕೆಲವೇ ನಿಮಿಷಗಳಲ್ಲಿ ಒಣಗಿ ಸುರುಳಿ ಸುತ್ತಿ ಉದುರಿಬಿಡುತ್ತೆ. ಬಹಳಷ್ಟು ಭಾಗವನ್ನು ಇನ್ನೂ ಅಗೆಯದೆ ಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಅದು ಒಳ್ಳೆಯ ನಿರ್ಧಾರ.

ಈಗ ಹೆಸರಿನ ವಿಷಯ. ಕೆಲವು ಸೈನಿಕರ ಮೈಮೇಲೆ, ಸುಲಭಕ್ಕೆ ಕಣ್ಣಿಗೆ ಬೀಳದ ಜಾಗಗಳಲ್ಲಿ, ಕುಂಬಾರರ ಹೆಸರು ಒತ್ತಿದ್ದಾರೆ ಅಥವಾ ಗೀರಿದ್ದಾರೆ. 80ಕ್ಕೂ ಹೆಚ್ಚು ಹೆಸರುಗಳು ಸಿಕ್ಕಿವೆ. 'ಗೊಂಗ್' ಅಂತ ಶುರುವಾದರೆ ಅರಮನೆಯ ಕಾರ್ಖಾನೆಯವರು. 'ಷಿಯಾನ್ಯಾಂಗ್' ಅಂತಿದ್ದರೆ ರಾಜಧಾನಿ ಊರಿನ ಕುಂಬಾರರು. ಅರಮನೆಯ ಒಬ್ಬನ ಹೆಸರು ಜಿಯಾಂಗ್, ಊರಿನ ಒಬ್ಬನ ಹೆಸರು ಯೆ. ಒಬ್ಬೊಬ್ಬ ಮೇಸ್ತ್ರಿಯ ಕೈಕೆಳಗೆ ಹಲವರು ದುಡಿದಿರಬೇಕು. ಗುಂಡಿಯ ಮೇಲಿನ ದಾರಿಯಿಂದ ಇವು ಕಾಣೋದಿಲ್ಲ.

ಅಲ್ಲಿ ಸಿಕ್ಕ ಕಂಚಿನ ಆಯುಧಗಳ ಮೇಲೂ ಬರಹವಿದೆ. ಇಂಥ ವರ್ಷ, ಪ್ರಧಾನಿ ಲ್ಯೂ ಬುವೇ ಮೇಲ್ವಿಚಾರಣೆ, ಆಮೇಲೆ ಕಾರ್ಖಾನೆಯ ಅಧಿಕಾರಿ, ಅವನ ಸಹಾಯಕ, ಕೊನೆಗೆ ಕೆಲಸಗಾರನ ಹೆಸರು. ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ. ಇದು ಕೀರ್ತಿಗಾಗಿ ಬರೆಸಿದ್ದಲ್ಲ. ಆಯುಧ ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಬರೆಸಿದ್ದು. ಬೇಲೂರಿನ ದಾಸೋಜ ತನ್ನ ಹೆಸರಿನ ಜೊತೆ ಊರಿನ ಹೆಸರನ್ನೂ ಹೆಮ್ಮೆಯಿಂದ ಸೇರಿಸಿದ್ದಾನೆ. ಇಲ್ಲಿನ ಜಿಯಾಂಗ್, ಯೆ ಹೆಸರು ಹಾಕಿದ್ದು ಅಪ್ಪಣೆಗೆ. ಆದರೂ ಆ ಮುಖಗಳನ್ನು ನೋಡಿ. ಮೀಸೆಯ ತುದಿ, ಜಡೆ ಹೆಣೆದ ರೀತಿ, ಮಂಡಿಯೂರಿ ಕುಳಿತ ಬಿಲ್ಲುಗಾರನ ಪಾದರಕ್ಷೆಯ ಅಡಿಯಲ್ಲಿರುವ ಹೊಲಿಗೆಯ ಚುಕ್ಕಿಗಳು. ಅಟ್ಟೆಯ ಮಧ್ಯೆ ಹೊಲಿಗೆ ವಿರಳವಾಗಿದೆ, ಹಿಮ್ಮಡಿ ಮತ್ತು ಬೆರಳಿನ ಕಡೆ ಒತ್ತಾಗಿದೆ. ನಡೆಯುವಾಗ ಸವೆಯುವ ಜಾಗ ಅದೇ ತಾನೇ? ಶಿಕ್ಷೆಯ ಹೆದರಿಕೆ ಇಷ್ಟನ್ನೆಲ್ಲ ಮಾಡಿಸಲಾರದು. ಅದು ಕೈಗೆ ಇದ್ದ ಪ್ರೀತಿ.

1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳಿಗೆ ಈಗ ಬೇರೆಯದೇ ಕಟ್ಟಡವಿದೆ. 2021ರಲ್ಲಿ ತೆರೆದದ್ದು, ಶಟಲ್ ಬಸ್ಸಿನಲ್ಲಿ ಹೋಗಬೇಕು. ಅಸಲಿನ ಅರ್ಧ ಗಾತ್ರದ ರಥ, ನಾಲ್ಕು ಕುದುರೆ, ಸಾರಥಿ. ಸಿಕ್ಕಾಗ ಎರಡೂ ನುಚ್ಚುನೂರಾಗಿದ್ದವು. ಮುಚ್ಚಿದ ರಥದ ಕಂಚಿನ ಸೂರು ಕೆಲವು ಕಡೆ ಬರೀ 1 ಮಿಲಿಮೀಟರ್ ದಪ್ಪ. ತೆರೆದ ರಥದ ಕೊಡೆಯನ್ನು ಬೇಕಾದ ಕಡೆಗೆ ವಾಲಿಸಿ ಚಿಲಕ ಹಾಕಬಹುದು. ನನ್ನ ಮಟ್ಟಿಗೆ ಸೈನಿಕರ ಗುಂಡಿಗಿಂತ ಇದು ಒಂದು ಕೈ ಮೇಲು.

ಗುರುವಾರ

ಫಾಮೆನ್ ದೇವಾಲಯ ಷಿಯಾನ್‌ನಿಂದ ಪಶ್ಚಿಮಕ್ಕೆ 100 ಕಿಲೋಮೀಟರಿಗೂ ದೂರ. ದಾರಿಯಲ್ಲಿ ಮಾವೇ ಸಿಗುತ್ತೆ. 756ರಲ್ಲಿ ದಂಗೆಗೆ ಹೆದರಿ ಓಡುತ್ತಿದ್ದ ಷ್ವಾನ್‌ಜೊಂಗ್ ದೊರೆ, ಸೈನಿಕರ ಒತ್ತಾಯಕ್ಕೆ ಮಣಿದು ತನ್ನ ಪ್ರೇಯಸಿ ಯಾಂಗ್ ಗ್ವೇಫೆಯನ್ನು ಸಾಯಲು ಬಿಟ್ಟ ಜಾಗ. ಮುಂದೆ ಅವಳನ್ನು ಬೇರೆ ಕಡೆ ಹೂಳಲು ಹೊರತೆಗೆದಾಗ ದೇಹ ಕೊಳೆತಿತ್ತು, ಸುಗಂಧದ ಚೀಲ ಮಾತ್ರ ಹಾಗೇ ಇತ್ತು ಎಂದು ತಾಂಗ್ ಇತಿಹಾಸ ಹೇಳುತ್ತದೆ. ಬಟ್ಟೆಯ ಚೀಲ ಮಣ್ಣಿನಲ್ಲಿ ಹೇಗೆ ಉಳಿಯಿತು? ಓದಿದವರಿಗೆಲ್ಲ ಇದು ಒಗಟಾಗಿತ್ತು. ಉತ್ತರ ಸಿಕ್ಕಿದ್ದು ಫಾಮೆನ್‌ನಲ್ಲಿ.

ಇದು ಬುದ್ಧನ ಬೆರಳಿನ ಮೂಳೆ ಇದೆ ಎಂದು ನಂಬುವ ದೇವಾಲಯ. ಅಶೋಕ ಹಂಚಿದ ಬುದ್ಧನ ಅಸ್ಥಿಗಳಲ್ಲಿ ಒಂದು ಇಲ್ಲಿಗೆ ಬಂತು ಎಂಬ ಐತಿಹ್ಯವಿದೆ. ಹಿಂದೆ ಇದನ್ನು ಅಶೋಕ ದೇವಾಲಯ ಅಂತಲೇ ಕರೆಯುತ್ತಿದ್ದರು. 1981ರ ಮಳೆಗೆ ಇಲ್ಲಿನ ಹಳೆಯ ಇಟ್ಟಿಗೆ ಗೋಪುರ ಅರ್ಧ ಸೀಳಿ ಬಿತ್ತು. 1987ರ ಏಪ್ರಿಲ್‌ನಲ್ಲಿ ಮರಳಿ ಕಟ್ಟಲು ತಳ ಶುಚಿ ಮಾಡುವಾಗ ನೆಲಮಾಳಿಗೆ ಕಂಡಿತು. 874ರಲ್ಲಿ ಮುಚ್ಚಿದ್ದು, ಅಲ್ಲಿವರೆಗೂ ಯಾರೂ ತೆರೆದಿರಲಿಲ್ಲ. ಉದ್ದ 21 ಮೀಟರ್. ಬೆರಳಿನ ಮೂಳೆ ಸಿಕ್ಕಿದ್ದು ಮೇ 5ರಂದು. ಚೀನೀ ಪಂಚಾಂಗದಲ್ಲಿ ಅದು ಬುದ್ಧ ಹುಟ್ಟಿದ ದಿನ.

ಒಳಗಿದ್ದ ವಸ್ತುಗಳ ಜೊತೆ ಒಂದು ಕಲ್ಲೂ ಇತ್ತು. ಅದರ ಮೇಲೆ ದೊರೆಗಳು ಕೊಟ್ಟ ಕಾಣಿಕೆಗಳ ಪೂರ್ತಿ ಪಟ್ಟಿ, ತೂಕದ ಸಮೇತ. ಅಗೆಯುವವರು ಪಟ್ಟಿ ಹಿಡಿದು ಒಂದೊಂದೇ ವಸ್ತುವನ್ನು ಹೊಂದಿಸಿ ನೋಡಿದರು. ಪಟ್ಟಿಯಲ್ಲಿ 'ಸುಗಂಧದ ಚೀಲ ಎರಡು' ಅಂತಿದೆ. ಮಾಳಿಗೆಯಲ್ಲಿ ಸಿಕ್ಕಿದ್ದು ಎರಡು ಬೆಳ್ಳಿಯ ಗುಂಡು, ನಾವು ಮಂಗಳವಾರ ನೋಡಿದ ಮಾದರಿಯವೇ. ಒಂದರ ಅಡ್ಡಳತೆ 12.8 ಸೆಂಟಿಮೀಟರ್. ಅಂದರೆ ತಾಂಗ್ ಜನ ಚೀಲ ಅನ್ನುತ್ತಿದ್ದದ್ದು ಈ ಲೋಹದ ಗುಂಡಿಗೆ. ಯಾಂಗ್ ಗ್ವೇಫೆಯ ಮೈಮೇಲೆ ಉಳಿದಿದ್ದು ಇಂಥದ್ದೇ ಇರಬೇಕು.

ಅದೇ ಪಟ್ಟಿಯಲ್ಲಿ 'ಮೀ-ಸೆ ಬಟ್ಟಲು ಏಳು, ಅದರಲ್ಲಿ ಬೆಳ್ಳಿ ಅಂಚಿನವು ಎರಡು, ತಟ್ಟೆಗಳು ಆರು' ಎಂದಿದೆ. ಮೀ-ಸೆ ಅನ್ನುವ ಪಿಂಗಾಣಿಯನ್ನು ತಾಂಗ್ ಕವಿಗಳು ಹಾಡಿ ಹೊಗಳಿದ್ದರು. ಆದರೆ ಅದು ಯಾವುದು, ಹೇಗಿತ್ತು ಅಂತ ಖಚಿತವಾಗಿ ಹೇಳುವವರಿರಲಿಲ್ಲ. ಕಲ್ಲಿನ ಪಟ್ಟಿ ಆ ಚರ್ಚೆ ಮುಗಿಸಿತು. ತಟ್ಟೆಯೊಂದರ ಮುಂದೆ ನಾನು ತುಂಬ ಹೊತ್ತು ನಿಂತೆ. ತಿಳಿ ಹಸಿರು, ಹೂವಿನ ಎಸಳಿನ ಅಂಚು, ಒಂದು ಚಿತ್ರವೂ ಇಲ್ಲ. ತಳದಲ್ಲಿ ನೀರು ತುಂಬಿದಂತೆ ಕಾಣುತ್ತೆ. ಬಗ್ಗಿ ನೋಡಿದೆ, ಪಕ್ಕದಿಂದ ನೋಡಿದೆ, ನೀರಿದೆ ಅಂತಲೇ ಕಣ್ಣು ಹೇಳುತ್ತೆ. ಒಣ ತಟ್ಟೆ. ಬೆಳಕು ಮತ್ತು ಮೆರುಗು ಮಾಡುವ ಕೆಲಸ.

ಕೊನೆಗೆ ಚಹಾದ ಸಾಮಾನು. ಆಗ ಚಹಾವನ್ನು ಗಟ್ಟಿ ಬಿಲ್ಲೆ ಮಾಡಿ, ಸುಟ್ಟು, ಅರೆದು, ಜರಡಿ ಹಿಡಿದು ಕುದಿಸುತ್ತಿದ್ದರು. ಚಿನ್ನದ ನೀರು ಕೊಟ್ಟ ಬೆಳ್ಳಿಯ ಅರೆಯುವ ದೋಣಿ ಇಲ್ಲಿದೆ. ಮೈಮೇಲೆ ಮೋಡ, ಹಾರುವ ಬಾತು. ತಳದಲ್ಲಿ ಕೊರೆದ ಬರಹದ ಚಿತ್ರವೂ ಇತ್ತು. ಷಿಯಾನ್‌ಟೊಂಗ್ ಎಂಬ ಆಳ್ವಿಕೆಯ ಶಕೆಯ 10ನೇ ವರ್ಷ, ಅಂದರೆ 869. ಅರಮನೆಯ ವೆನ್‌ಸಿಯುಆನ್ ಕಾರ್ಖಾನೆ. ತೂಕ 29 ಲಿಯಾಂಗ್, ನಮ್ಮ ಲೆಕ್ಕದಲ್ಲಿ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ. ಆಮೇಲೆ ನಾಲ್ಕು ಹೆಸರುಗಳು. ಮೊದಲನೆಯದು ಮಾಡಿದವನದು: ಶಾವೊ ಯುಆನ್‌ಶೆನ್. ಅಧಿಕಾರಿಗಳು ಅವನ ನಂತರ.

"ಅಕ್ಕ, ಇಲ್ಲಿ ಕೆಲಸಗಾರ ಮೊದಲು" ಅಂದೆ.

"ನಿನ್ನೆ ಕೊನೆಯಲ್ಲಿದ್ದ" ಅಂದಳು.

ಚಿನ್ ಕಾಲದ ಆಯುಧದಿಂದ ಈ ದೋಣಿಯವರೆಗೆ 1,100 ವರ್ಷ. ಸಾಲಿನ ಕ್ರಮ ತಿರುಗಿದೆ. ಕಡತದ ಪದ್ಧತಿ ಬದಲಾಗಿತ್ತು ಅಷ್ಟೇ ಎಂದು ಯಾರಾದರೂ ಹೇಳಬಹುದು. ನನಗಂತೂ ಬಹಳ ಸಂತೋಷವಾಯಿತು. ಅದೇ ಸಾಮಾನಿನ ಮೇಲೆ ಒರಟಾಗಿ ಗೀರಿದ ಇನ್ನೊಂದು ಮಾತಿದೆ, 'ಐದನೇ ಅಣ್ಣ'. ಕಾಣಿಕೆ ಕೊಟ್ಟ ಷಿಜೊಂಗ್ ದೊರೆ ತಂದೆಗೆ ಐದನೇ ಮಗ. ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದವನು. ಮನೆಯವರು ಕರೆಯುತ್ತಿದ್ದ ಹೆಸರದು.

ಹೊರಗೆ 148 ಮೀಟರ್ ಎತ್ತರದ ಹೊಸ ಕಟ್ಟಡ ಎದ್ದಿದೆ, ಕೈ ಮುಗಿದ ಆಕಾರದ್ದು. ದೂರದಿಂದಲೇ ನೋಡಿ ಬಸ್ಸು ಹತ್ತಿದೆವು.

ಶುಕ್ರವಾರ

ಬೆಳಿಗ್ಗೆ ದೊಡ್ಡ ಕಾಡುಬಾತು ಗೋಪುರ. ಹ್ಯುಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ 657 ಗ್ರಂಥ ತಂದ. ಅವನ್ನು ಕಾಪಾಡಲು 652ರಲ್ಲಿ ಇದನ್ನು ಕಟ್ಟಿದರು. ಮುಂದೆ ಅವನ ಎತ್ತರದ ಪ್ರತಿಮೆಯಿದೆ. ಅಕ್ಕ ಅದರ ಕೆಳಗೆ ನಿಂತು ಪಾಠ ಶುರು ಮಾಡಿಯೇಬಿಟ್ಟಳು. ಪುಲಕೇಶಿಯ ಹೆಸರನ್ನು ಪು-ಲೋ-ಕಿ-ಶೆ ಎಂದು ಬರೆದುಕೊಂಡವನು ಇವನೇ. ಹರ್ಷನಿಗೂ ಮಣಿಯದ ಜನ, ಉಪಕಾರ ಮರೆಯದವರು, ಅವಮಾನ ಸಹಿಸದವರು, ಸೋತು ಬಂದ ಸೇನಾಪತಿಗೆ ಹೆಂಗಸರ ಬಟ್ಟೆ ಕೊಡುವವರು, ಯುದ್ಧಕ್ಕೆ ಮೊದಲು ಆನೆಗೆ ಮದ್ಯ ಕುಡಿಸುವವರು. ಇಷ್ಟನ್ನೂ ಅವನು ಬರೆದದ್ದು ಈ ಊರಿಗೆ ಮರಳಿದ ಮೇಲೆ. ನಮ್ಮ ಚಾಲುಕ್ಯರ ನಾಡನ್ನು ಹೊರಗಿನವನೊಬ್ಬ ಕಂಡ ಬಗೆ ಉಳಿದದ್ದು ಚಾಂಗಾನ್‌ನಲ್ಲಿ ಅನ್ನೋದು ದೊಡ್ಡ ಮಾತು.

ಗೋಪುರದ ದಕ್ಷಿಣ ಬಾಗಿಲಿನ ಎರಡೂ ಬದಿ ಗೂಡಿನಲ್ಲಿ, ಕಂಬಿಗಳ ಹಿಂದೆ, 653ರ ಎರಡು ಕಪ್ಪು ಕಲ್ಲುಗಳಿವೆ. ಹ್ಯುಯೆನ್ ತ್ಸಾಂಗ್‌ನ ಅನುವಾದಗಳಿಗೆ ದೊರೆಗಳು ಬರೆದ ಮುನ್ನುಡಿ ಅವುಗಳಲ್ಲಿದೆ. ಅಕ್ಷರ ಬರೆದವನು ಹೆಸರಾಂತ ಛು ಸ್ವಿಲಿಯಾಂಗ್. ಕೆತ್ತಿದವನು ವಾನ್ ವೆನ್‌ಶಾವೊ. ಅವನ ಹೆಸರೂ ಇದೆ. ಕುಂಚದ ಅತಿ ತೆಳುವಾದ ಎಳೆ ಕೂಡ ಕಲ್ಲಿನಲ್ಲಿ ಒಡೆಯದೆ ಬಂದಿದೆ. ಬರೆದವನಷ್ಟೇ ಕೆತ್ತಿದವನಿಗೂ ಕೈ ಮುಗಿಯಬೇಕು.

ಮಧ್ಯಾಹ್ನ ಬೇಲಿನ್ ಮ್ಯೂಸಿಯಂ, ಅಂದರೆ ಕಲ್ಲಿನ ಶಾಸನಗಳ ಕಾಡು. 1087ರಲ್ಲಿ ಶುರುವಾದ ಸಂಗ್ರಹ. 837ರಲ್ಲಿ ಮುಗಿದ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳು 114 ಕಲ್ಲುಗಳ ಮೇಲೆ ಸಾಲಾಗಿ ನಿಂತಿವೆ. 781ರ ಕ್ರೈಸ್ತ ಶಾಸನವೂ ಇಲ್ಲಿದೆ, ಕೆಳಗೆ ಸಿರಿಯಾಕ್ ಲಿಪಿ. 752ರ ಪ್ರಭೂತರತ್ನ ಗೋಪುರದ ಕಲ್ಲಿನಲ್ಲಿ ಪಠ್ಯ ಬರೆದವನು, ಅಕ್ಷರ ಬರೆದ ಯಾನ್ ಝೆನ್‌ಚಿಂಗ್, ತಲೆಬರಹ ಬರೆದವನು, ಕೊನೆಗೆ ಕೆತ್ತಿದ ಶಿ ಹ್ವಾ, ಎಲ್ಲರ ಹೆಸರೂ ಇವೆ.

ಈ ಊರಿನ ಇನ್ನೊಬ್ಬ ಕಲ್ಲುಕುಟಿಗನ ಕಥೆಯನ್ನು ಅಕ್ಕನಿಗೆ ಹೇಳಲೇಬೇಕಿತ್ತು. ಸೊಂಗ್ ಕಾಲದಲ್ಲಿ, 1100ರ ದಶಕದ ಮೊದಲ ವರ್ಷಗಳಲ್ಲಿ, ಮಂತ್ರಿ ಚಾಯ್ ಜಿಂಗ್ ತನ್ನ ವಿರೋಧಿಗಳನ್ನೆಲ್ಲ ದ್ರೋಹಿಗಳು ಎಂದು ಪಟ್ಟಿ ಮಾಡಿ, ಊರೂರಿನಲ್ಲೂ ಕಲ್ಲಿನಲ್ಲಿ ಕೆತ್ತಿಸಲು ಹೇಳಿದ. ಆ ಪಟ್ಟಿಯಲ್ಲಿ ಸಜ್ಜನ ಎಂದು ಹೆಸರಾಗಿದ್ದ ಸಿಮಾ ಗ್ವಾಂಗ್ ಕೂಡ ಇದ್ದರು. ಚಾಂಗಾನ್‌ನಲ್ಲಿ ಕೆಲಸ ಬಿದ್ದದ್ದು ಆನ್ ಮಿನ್ ಎಂಬ ಕಲ್ಲುಕುಟಿಗನಿಗೆ. ಅಂಥವರನ್ನು ದುಷ್ಟರೆಂದು ಕೆತ್ತಲು ನನಗೆ ಮನಸ್ಸು ಬಾರದು ಅಂದ. ಅಧಿಕಾರಿ ಶಿಕ್ಷೆಯ ಬೆದರಿಕೆ ಹಾಕಿದ. ಆಗ ಆನ್ ಮಿನ್ ಅಳುತ್ತಾ, ಕೆಲಸ ಬೇಡ ಅನ್ನಲಾರೆ, ಆದರೆ ಕಲ್ಲಿನ ಕೊನೆಗೆ ನನ್ನ ಹೆಸರು ಕೆತ್ತುವುದನ್ನು ಮಾತ್ರ ಬಿಡಿಸಿ, ಮುಂದಿನವರ ಮುಂದೆ ನಾನು ತಪ್ಪಿತಸ್ಥನಾಗುತ್ತೇನೆ ಎಂದು ಬೇಡಿಕೊಂಡ. ಇದು ಸೊಂಗ್ ಇತಿಹಾಸದಲ್ಲೇ ದಾಖಲಾಗಿದೆ. 1106ರಲ್ಲಿ ದೊರೆಯೇ ಆ ಕಲ್ಲುಗಳನ್ನು ಒಡೆಸಿದ.

"ಇದನ್ನು ಪಾಠದಲ್ಲಿ ಸೇರಿಸಬೇಕಿತ್ತು ಕಣೋ" ಅಂದಳು ಅಕ್ಕ. ಪಕ್ಕದ ಕೋಣೆಯಲ್ಲಿ ಕಲ್ಲಿನ ಮೇಲೆ ಕಾಗದ ಹಾಸಿ ಮಸಿಯ ಉಂಡೆಯಿಂದ ತಟ್ಟಿ ಅಚ್ಚು ತೆಗೆಯುತ್ತಿದ್ದರು. ಶಿ ಹ್ವಾ ಕೆತ್ತಿದ ಸಾಲುಗಳ ಅಚ್ಚೊಂದನ್ನು ಅವಳು ಕೊಂಡಳು.

ಹೋಗುವವರಿಗೆ ಎರಡು ಮಾತು. ಶಾನ್‌ಷಿ ಇತಿಹಾಸ ಮ್ಯೂಸಿಯಂಗೆ ಪ್ರವೇಶ ಉಚಿತ, ಆದರೆ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮೊದಲೇ ಬುಕ್ ಮಾಡಬೇಕು. ಜಾಗ ಬೇಗ ತುಂಬುತ್ತೆ. ನಿಧಿಯ ಟಿಕೆಟನ್ನು ಆಗಲೇ ತೆಗೆದುಕೊಳ್ಳಿ. ಸಮಯ ಕಡಿಮೆ ಇದ್ದರೆ ಬಹಳ ಜನ ಫಾಮೆನ್ ಬಿಟ್ಟುಬಿಡುತ್ತಾರೆ. ನಾನಾದರೆ ಪೇಟೆ ಸುತ್ತುವುದನ್ನು ಬಿಟ್ಟು ಫಾಮೆನ್‌ಗೆ ಹೋಗಿ ಅಂತೀನಿ. ಮ್ಯೂಸಿಯಂ ನೋಡಿದ ಮೇಲೆ ಹೋಗಿ, ಮೊದಲಲ್ಲ. ಬೆಳ್ಳಿಯ ಗುಂಡನ್ನು ಮೊದಲು ನೋಡಿರಬೇಕು, ಆಮೇಲೆ ಆ ಕಲ್ಲಿನ ಪಟ್ಟಿ.